ತಾಲ್ಲೂಕು ಆಸ್ಪತ್ರೆಯ ವಿಪಿಎನ್ ಸೇವೆ: ಕೆಲವು ವರ್ಷಗಳ ಬಳಕೆಯ ನಂತರ

ಬಾಗಲಕೋಟೆ ಜಿಲ್ಲೆಯ ಸರ್ಕಾರಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನಾನು, ನಮ್ಮನ್ನು ಜಿಲ್ಲಾ ಕೇಂದ್ರದ ಸರ್ವರ್‌ಗೆ ಜೋಡಿಸುವ ಐಪಿಸೆಕ್ ಎಂಬ ಭದ್ರತಾ ವಿಧಾನದ ವಿಪಿಎನ್ (ಇಂಟರ್ನೆಟ್ಟಿನ ಮೇಲೆಯೇ ಸಾಗುವ ಖಾಸಗಿ ಜಾಲ) ಸೇವೆಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಓಪಿಡಿ ಚೀಟಿಯಿಂದ ಹಿಡಿದು ಲ್ಯಾಬ್ ವರದಿ, ಎಕ್ಸ್‌ರೇ ಚಿತ್ರಗಳವರೆಗೆ ಎಲ್ಲವೂ ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಆಗಿ ಇದೇ ಮಾರ್ಗದಲ್ಲಿ ಸಾಗುತ್ತವೆ. ಸರ್ವರ್ ಇಂಟರ್ನೆಟ್ಟಿಗೆ ನೇರವಾಗಿ ಕಾಣಿಸುವುದಿಲ್ಲ. ಆ ಮಟ್ಟಿಗೆ ಸೇವೆಯ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಅಳವಡಿಕೆಯ ಬಗ್ಗೆ. ಆರಂಭದಲ್ಲಿ ಲಾಗಿನ್ ಪುಟ ತೆರೆಯುತ್ತಿತ್ತು, ರೋಗಿಯ ಹೆಸರೂ ಬರುತ್ತಿತ್ತು, ಎಕ್ಸ್‌ರೇ ಒತ್ತಿದರೆ ಮಾತ್ರ ಪರದೆ ಸುತ್ತುತ್ತಲೇ ಇರುತ್ತಿತ್ತು. ಹೆಚ್ಚಿನ ವೇಗದ ಪ್ಲ್ಯಾನ್ ತೆಗೆದುಕೊಳ್ಳಿ ಎಂಬುದು ಸೇವಾದಾರರ ಉತ್ತರವಾಗಿತ್ತು. ಆದರೆ ಕಾರಣ ವೇಗವಲ್ಲ. ಈಥರ್ನೆಟ್ (ಕೇಬಲ್ ಜಾಲ) ಸಾಮಾನ್ಯವಾಗಿ 1500 ಬೈಟ್‌ಗಳವರೆಗಿನ ಪ್ಯಾಕೆಟ್ (ಮಾಹಿತಿಯ ತುಣುಕು) ಒಯ್ಯುತ್ತದೆ. ಪೂರ್ತಿ ತುಂಬಿದ ಪ್ಯಾಕೆಟ್ಟಿಗೆ ವಿಪಿಎನ್ ತನ್ನ ಹೊದಿಕೆಯನ್ನೂ ಸೇರಿಸಿದಾಗ ಅದು ಮಿತಿ ಮೀರುತ್ತದೆ, ಮತ್ತು ಗಾತ್ರ ಇಳಿಸಿ ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ನಡುವಿನ ಫೈರ್‌ವಾಲ್ ತಡೆದರೆ, ಕಳುಹಿಸುವ ಯಂತ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ, ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ರೂಟರಿನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ತುಂಬುವ ಮಾಹಿತಿಯ ಗರಿಷ್ಠ ಗಾತ್ರ) ಮೌಲ್ಯವನ್ನು 1360ಕ್ಕೆ ಇಳಿಸಿದ ಮೇಲೆ, ಅದೇ ಪ್ಲ್ಯಾನಿನಲ್ಲಿಯೇ ಚಿತ್ರಗಳು ಬರತೊಡಗಿದವು.

ಕಬ್ಬಿನ ಹಂಗಾಮಿನಲ್ಲಿ ತೊಂದರೆ ಬೇರೆ. ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಗೆ ಅಡ್ಡಲಾಗಿ ಜೋತುಬಿದ್ದ ಕೇಬಲ್ಲುಗಳನ್ನು ಕಿತ್ತುಕೊಂಡು ಹೋಗುತ್ತವೆ. ಬದಲಿ ವ್ಯವಸ್ಥೆಯೆಂದು ಕೊಟ್ಟಿದ್ದ ಎರಡನೇ ಫೈಬರ್ ಕೂಡ ಅದೇ ಕಂಬಗಳ ಮೇಲೆಯೇ ಬಂದಿದ್ದರಿಂದ ಎರಡೂ ಒಟ್ಟಿಗೇ ತುಂಡಾಗುತ್ತಿದ್ದವು! ಈಗ 4ಜಿ ಸಿಮ್ ಇರುವ ರೂಟರ್ ಮೂಲಕ ವಿಪಿಎನ್ ತಾನಾಗಿಯೇ ಮರುಜೋಡಣೆಯಾಗುತ್ತದೆ. ಚೀಟಿ ಕೌಂಟರ್ ನಿಲ್ಲುವುದಿಲ್ಲ, ಎಕ್ಸ್‌ರೇ ಮಾತ್ರ ನಿಧಾನ.

ಖಾಸಗಿ ಜಾಲವಿದೆಯೆಂದು ಒಳಗಿನ ಕಂಪ್ಯೂಟರುಗಳನ್ನು ಕಣ್ಣುಮುಚ್ಚಿ ನಂಬುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಅಪಾಯ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಕ್ರೈ ಎಂಬ ಕುತಂತ್ರಾಂಶದ ದಾಳಿಯಾದಾಗ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಗೆ ಪ್ರತ್ಯೇಕ ಜಾಲವಿತ್ತು. ಆದರೂ ಅಲ್ಲಿನ 236 ಟ್ರಸ್ಟ್‌ಗಳಲ್ಲಿ (ಆರೋಗ್ಯ ಸೇವೆ ನಡೆಸುವ ಸಂಸ್ಥೆಗಳು) ಕನಿಷ್ಠ 80ರ ಕೆಲಸ ಅಸ್ತವ್ಯಸ್ತವಾಯಿತು. ದಾಳಿ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಬಿಡುಗಡೆ ಮಾಡಿತ್ತು. ನಮ್ಮಲ್ಲಿಯೂ ಎಕ್ಸ್‌ರೇ ಯಂತ್ರದೊಂದಿಗೆ ಬಂದ ಹಳೆಯ ವಿಂಡೋಸ್ ಕಂಪ್ಯೂಟರನ್ನು ಅಪ್‌ಡೇಟ್ ಮಾಡಲು ಬರುವುದಿಲ್ಲವಾದ್ದರಿಂದ, ಅದನ್ನು ಬೇರೆ ವಿಲ್ಯಾನ್‌ನಲ್ಲಿ, ಅಂದರೆ ಜಾಲದ ಪ್ರತ್ಯೇಕಿಸಿದ ಭಾಗದಲ್ಲಿಟ್ಟು, ಚಿತ್ರ ಸಂಗ್ರಹಿಸುವ ಸರ್ವರ್ ಒಂದನ್ನು ಬಿಟ್ಟು ಉಳಿದೆಲ್ಲ ಸಂಪರ್ಕ ಕತ್ತರಿಸಿದ್ದೇವೆ. ಇದು ವಿಪಿಎನ್ ಸೇವೆಯ ಒಪ್ಪಂದದಲ್ಲಿ ಇರಲಿಲ್ಲ, ನಾವೇ ಮಾಡಿಕೊಳ್ಳಬೇಕಾಯಿತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹೊಸದಾಗಿ ಪಡೆಯುವ ಆಸ್ಪತ್ರೆಗಳು ಎರಡನೇ ಮಾರ್ಗ ಯಾವ ಕಂಬದ ಮೇಲೆ ಬರುತ್ತದೆಂಬುದನ್ನು ಸಹಿಗೆ ಮುನ್ನ ಸ್ಥಳದಲ್ಲೇ ನೋಡಿಕೊಳ್ಳಬೇಕು.