ಹನ್ನೆರಡು ಉಳಿಗಳ ಪೆಟ್ಟಿಗೆ: ಮೂರು ತಿಂಗಳ ಬಳಕೆಯ ನಂತರ

ಶಿವಮೊಗ್ಗ ಜಿಲ್ಲೆಯ ಸಾಗರದ ಪಾರಂಪರಿಕ ಕೆತ್ತನೆಗಾರರಾದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಕಂಡ ಹುಮ್ಮಸ್ಸಿನಲ್ಲಿ, ಆರಂಭಿಕರಿಗೆಂದೇ ಮಾರುವ 12 ಉಳಿಗಳ ಪೆಟ್ಟಿಗೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ‘ಬಳಕೆಗೆ ಸಿದ್ಧ’ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದರೂ ಒಂದು ಉಳಿಯೂ ಮರವನ್ನು ಕತ್ತರಿಸಲಿಲ್ಲ, ಬರಿದೇ ಜಜ್ಜಿತು. 1000 ಗ್ರಿಟ್‌ನ (ಕಲ್ಲಿನ ಕಣಗಳ ನಯದ ಅಳತೆ) ಸಾಣೆಕಲ್ಲಿನ ಮೇಲೆ ಮಸೆದು, ಪಾಲಿಶ್ ಪೇಸ್ಟ್ ಸವರಿದ ಚರ್ಮದ ಪಟ್ಟಿಯ ಮೇಲೆ ತೀಡಿದ ಬಳಿಕವೇ ಅವುಗಳ ಉಕ್ಕು ಪರವಾಗಿಲ್ಲವೆಂದು ತಿಳಿದದ್ದು. ಚಪ್ಪಟೆ ಉಳಿಗಳಿಗೆ ಇಷ್ಟು ಸಾಕಾಯಿತು. ಬಾಗಿದ ಉಳಿಗಳ ಒಳಬದಿಯಲ್ಲಿ ಮಸೆದ ಮೇಲೆ ಉಳಿಯುವ ಲೋಹದ ಸಣ್ಣ ಮುಳ್ಳನ್ನು ತೆಗೆಯಲು ಮಾತ್ರ ದುಂಡು ಕಡ್ಡಿಗೆ ನಯವಾದ ಮರಳು ಕಾಗದವನ್ನು ಸುತ್ತಿ ಉಜ್ಜಬೇಕಾಯಿತು.

ಮೊದಲು ಮನೆಯಲ್ಲಿದ್ದ ತೇಗದ ತುಂಡನ್ನು ಹಿಡಿದದ್ದು ನನ್ನದೇ ತಪ್ಪು, ಏಕೆಂದರೆ ತೇಗದಲ್ಲಿರುವ ಸಿಲಿಕಾ (ಮರಳಿನಲ್ಲಿರುವ ಗಟ್ಟಿ ಖನಿಜ) ಅಂಶವು ಅಲಗನ್ನು ಬೇಗನೆ ಮೊಂಡಾಗಿಸುತ್ತದೆ. ಮೃದುವಾದ ಶಿವನೆ ಮರದಲ್ಲಿ, ಮರದ ನಾರೆಳೆಗಳ ದಿಕ್ಕನ್ನು ಅನುಸರಿಸಿ ಕೆತ್ತಿದಾಗ, ಇದೇ ಉಳಿಗಳು ತೆಳುವಾದ ಸುರುಳಿ ಹೆರೆಗಳನ್ನು ಎಬ್ಬಿಸಿದವು.

ಹಿಡಿಗಳು ಅಂಗೈಗೆ ಹಿತವಾಗಿದ್ದರೂ ಎರಡು ಸಡಿಲಗೊಂಡಿವೆ. ನಿಜವಾಗಿ ಬಳಕೆಯಾದವು ನಾಲ್ಕೇ ಉಳಿಗಳಾದ್ದರಿಂದ, ಅದೇ ಹಣಕ್ಕೆ ಒಳ್ಳೆಯ ನಾಲ್ಕನ್ನು ಬಿಡಿಯಾಗಿ ಕೊಳ್ಳುವುದು ಲೇಸು. ಪೆಟ್ಟಿಗೆಯಲ್ಲಿ ಕೈಗವಸು ಇಲ್ಲ. ಉಳಿ ಮಸೆದ ಮರುದಿನವೇ ನನ್ನ ಎಡ ಹೆಬ್ಬೆರಳಿಗೆ ಅದರ ಅಗತ್ಯ ಮನವರಿಕೆಯಾಯಿತು.