ಹನ್ನೆರಡು ವಾರದ ಕೌನ್ಸೆಲಿಂಗ್ ಕೋರ್ಸ್: ಸುಮ್ಮನಿರುವುದನ್ನು ಕಲಿಸಿತು, ಮುಂದಿನ ದಾರಿ ಹೇಳಲಿಲ್ಲ

ಹದಿನಾಲ್ಕು ವರ್ಷದಿಂದ ಕಸ್ಟಮರ್ ಕೇರ್‌ನಲ್ಲಿದ್ದೇನೆ. ಮೊದಲು ಫೋನ್ ಎತ್ತುತ್ತಿದ್ದೆ, ಈಗ ಎತ್ತುವವರನ್ನು ನೋಡಿಕೊಳ್ಳುತ್ತೇನೆ. ಯಾರ ಕೈಲೂ ಸಮಾಧಾನ ಆಗದೆ ಕೂಗಾಡುವವರ ಕರೆ ಕೊನೆಗೆ ನನ್ನ ಹೆಡ್‌ಫೋನಿಗೆ ಬರುತ್ತದೆ. 'ನೀನು ಥೆರಪಿಸ್ಟ್ ಆಗಬೇಕಿತ್ತು' ಎಂದು ಯಾರಾದರೂ ಹೇಳಿದಾಗಲೆಲ್ಲ ಒಳಗೊಳಗೇ ಉಬ್ಬುತ್ತಿದ್ದೆ. ಅದೇ ಗುಂಗಿನಲ್ಲಿ ಈ ಆನ್‌ಲೈನ್ ಕೋರ್ಸಿಗೆ ಸೇರಿಬಿಟ್ಟೆ. ಹನ್ನೆರಡು ವಾರ, ವಾರಕ್ಕೆ ಎರಡು ಸಂಜೆ, ತರಗತಿಯಲ್ಲಿ 18 ಜನ. ಕೆಳಗೆ ಬೈಗುಳವೂ ಇರುವುದರಿಂದ ಸಂಸ್ಥೆಯ ಹೆಸರು ಹೇಳುವುದಿಲ್ಲ. ನಾನು ವಿಚಾರಿಸಿದ ಇನ್ನೂ ಮೂರು ಕೋರ್ಸುಗಳು ಹೆಚ್ಚುಕಮ್ಮಿ ಇದೇ ಅಚ್ಚಿನಲ್ಲಿ ತೆಗೆದ ಹಾಗಿದ್ದವು.

ಕೊಟ್ಟ ದುಡ್ಡು ವಸೂಲಾಗಿದ್ದು ಒಂದೇ ಕಾರಣಕ್ಕೆ: ಮೂವರ ಅಭ್ಯಾಸ. ಒಬ್ಬರು ತಮ್ಮ ನಿಜವಾದ, ಆದರೆ ತೀರಾ ದೊಡ್ಡದಲ್ಲದ ಚಿಂತೆಯೊಂದನ್ನು ಹೇಳಿಕೊಳ್ಳಬೇಕು. ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಮೂರನೆಯವರು ಕ್ಯಾಮೆರಾ ಆಫ್ ಮಾಡಿ ಗಮನಿಸಬೇಕು. 20 ನಿಮಿಷ ಆದ ಮೇಲೆ ಜಾಗ ಬದಲು. ಯಾರು ಏನು ಹೇಳಿಕೊಂಡರು ಎನ್ನುವುದು ಆ ಮೂವರನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಹಾಗಾಗಿ ನನ್ನ ಎಡವಟ್ಟುಗಳನ್ನು ಮಾತ್ರ ಹೇಳುತ್ತೇನೆ.

ಮೊದಲ ದಿನ ನಾನು ಬಾಯಿ ತೆರೆದದ್ದೇ 'ನಿಮ್ಮ ಪರಿಸ್ಥಿತಿ ನನಗೆ ಅರ್ಥವಾಗುತ್ತದೆ' ಎಂದು. ನಮ್ಮ ಆಫೀಸಿನಲ್ಲಿ ಈ ವಾಕ್ಯಕ್ಕೆ ಅಂಕ ಇದೆ, ಕ್ವಾಲಿಟಿ ಶೀಟಿನಲ್ಲಿ ಅದಕ್ಕೇ ಒಂದು ಕಾಲಂ. ಗಮನಿಸುತ್ತಿದ್ದವರು ಆಮೇಲೆ ತಮ್ಮ ಟಿಪ್ಪಣಿ ಓದಿದರು: 'ಅವರು ಇನ್ನೂ ಏನೂ ಹೇಳಿಯೇ ಇರಲಿಲ್ಲ.'

ಐದನೇ ವಾರ ನಮ್ಮದೇ ರೆಕಾರ್ಡಿಂಗ್ ಕೇಳಿ ಒಂದಕ್ಷರ ಬಿಡದೆ ಬರೆದು ತರಬೇಕಿತ್ತು. ತಡವರಿಸಿದ್ದು, ನಿಟ್ಟುಸಿರು, ಮೌನದ ಸೆಕೆಂಡುಗಳು, ಎಲ್ಲವೂ. 20 ನಿಮಿಷದ ಮಾತು ಬರೆಯಲು ನಾಲ್ಕು ಗಂಟೆ ಹಿಡಿಯಿತು. ಲೆಕ್ಕ ಹಾಕಿದೆ: 31 ಪ್ರಶ್ನೆ, 9 ಸಲಹೆ. ನಾನು ಅತಿ ಹೆಚ್ಚು ಹೊತ್ತು ಸುಮ್ಮನಿದ್ದದ್ದು 3 ಸೆಕೆಂಡ್. ಕಾಲ್ ಸೆಂಟರಿನವರು ಕರೆಯ ನಡುವಿನ ಮೌನಕ್ಕೆ 'ಡೆಡ್ ಏರ್' ಅನ್ನುತ್ತಾರೆ. ಸತ್ತ ಗಾಳಿ. ಅದು ತಪ್ಪು, ಅಂಕ ಹೋಗುತ್ತದೆ. ಇಲ್ಲಿ ನೋಡಿದರೆ ಎದುರಿನವರು ಮೂರು ಸಲ ಏನೋ ಹೇಳಲು ಉಸಿರೆಳೆದುಕೊಂಡಿದ್ದಾರೆ, ಮೂರು ಸಲವೂ ನಾನು ಪ್ರಶ್ನೆ ತುರುಕಿದ್ದೇನೆ. ಹಾಳೆಯ ಮೇಲೆ ಅದನ್ನು ಓದುವಾಗ ಮುಖ ಬಿಸಿಯಾಯಿತು.

ಮುಂದಿನ ಸಲ ಇನ್ನೊಂದು ತುದಿಗೆ ಹೋದೆ. ಎದುರಿನವರ ಕೊನೆಯ ನಾಲ್ಕು ಪದವನ್ನೇ ತಿರುಗಿಸಿ ಹೇಳುತ್ತಾ ಕೂತೆ. ಕಲಿಸುವವರು ನಕ್ಕುಬಿಟ್ಟರು. 1966ರಲ್ಲೇ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಂಬುವವರು 'ಎಲೈಜಾ' ಎಂಬ ಕಂಪ್ಯೂಟರ್ ಪ್ರೋಗ್ರಾಂನಿಂದ ಈ ಕೆಲಸ ಮಾಡಿಸಿದ್ದರಂತೆ. ನಾವು ಟೈಪ್ ಮಾಡಿದ್ದನ್ನೇ ಅದು ಪ್ರಶ್ನೆ ಮಾಡಿ ವಾಪಸ್ ಕೇಳುತ್ತಿತ್ತು. ವೈಜೆನ್‌ಬಾಮ್ ಅಣಕಿಸಲು ಹೊರಟಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಶೈಲಿಯ ಥೆರಪಿಸ್ಟನ್ನು. ಈ ರೋಜರ್ಸ್ 'ರೋಗಿ' ಎನ್ನುವುದನ್ನು ಬಿಟ್ಟು 'ಕ್ಲೈಂಟ್' ಎನ್ನುವ ಪದವನ್ನು ರೂಢಿಗೆ ತಂದವರು. ಎದುರಿನವರ ಜಾಗದಲ್ಲಿ ನಿಂತು ನೋಡುವುದು, ತೀರ್ಪು ಕೊಡದೆ ಒಪ್ಪಿಕೊಳ್ಳುವುದು, ತಾನು ನಾಟಕ ಆಡದಿರುವುದು, ಈ ಮೂರು ಇಲ್ಲದೆ ಯಾರೂ ಬದಲಾಗುವುದಿಲ್ಲ ಎಂದು 1957ರಲ್ಲಿ ಬರೆದರು. ಮೊದಲಿನ ಎರಡು ಕಷ್ಟ ಅಂದುಕೊಂಡಿದ್ದೆ. ಹದಿನಾಲ್ಕು ವರ್ಷ ಸ್ಕ್ರಿಪ್ಟ್ ಓದಿದ ನನಗೆ ಮೂರನೆಯದೇ ಬೆಟ್ಟವಾಯಿತು.

ಥೆರಪಿಯ ಬಗೆಗಳನ್ನು ಪರಿಚಯಿಸಿದ ರೀತಿಗೆ ಅರ್ಧ ಅಂಕ. ಒಂದು ಸಂಜೆ ಮಾತ್ರ ಭರ್ಜರಿಯಾಗಿತ್ತು. 1960ರ ದಶಕದಲ್ಲಿ ಚಿತ್ರೀಕರಿಸಿದ ಮೂರು ಸೆಷನ್ ತೋರಿಸಿದರು. ಒಬ್ಬಳೇ ಮಹಿಳೆ, ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಥೆರಪಿಸ್ಟುಗಳು. ರೋಜರ್ಸ್ ತಾಳ್ಮೆಯಿಂದ ಕೇಳಿಸಿಕೊಂಡರು. ಈ ಕ್ಷಣದ ಅನುಭವಕ್ಕೆ ಒತ್ತು ಕೊಡುವ ಗೆಸ್ಟಾಲ್ಟ್ ಪಂಥದ ಫ್ರಿಟ್ಜ್ ಪರ್ಲ್ಸ್ ಕೆಣಕಿದರು, ಆಕೆಯ ನಗು ನಾಟಕ ಎಂದೇ ಹೇಳಿಬಿಟ್ಟರು. ಆಲ್ಬರ್ಟ್ ಎಲ್ಲಿಸ್ ಆಕೆಯ ಯೋಚನೆಯ ತರ್ಕ ಹಿಡಿದು ವಾದಕ್ಕೇ ಕೂತರು. ನಮ್ಮಲ್ಲಿ ಬಹುತೇಕರ ವೋಟು ರೋಜರ್ಸ್‌ಗೆ. ಆದರೆ ಶೂಟಿಂಗ್ ಮುಗಿದಾಗ ಆಕೆ ತನಗೆ ಜಾಸ್ತಿ ಉಪಯೋಗವಾಯಿತು ಎಂದು ಹೇಳಿದ್ದು ಪರ್ಲ್ಸ್ ಹೆಸರನ್ನು. ಮುಂದೆ ವರ್ಷಗಟ್ಟಲೆ ಪತ್ರ ಬರೆದದ್ದು ಮಾತ್ರ ರೋಜರ್ಸ್‌ಗೆ. ಇದರ ಮೇಲೆ ನಡೆದ ಚರ್ಚೆ ನಿಲ್ಲಲೇ ಇಲ್ಲ, ಅವತ್ತು ಮುಕ್ಕಾಲು ಗಂಟೆ ತಡವಾಗಿ ಮಲಗಿದೆ.

ಯೋಚನೆ, ನಡವಳಿಕೆಗಳನ್ನು ಪರೀಕ್ಷಿಸಿ ಬದಲಿಸುವ ಥೆರಪಿಯಾದ ಸಿಬಿಟಿಗೆ ಎರಡು ಸಂಜೆ. ಅದಕ್ಕೆ ಬುನಾದಿ ಹಾಕಿದ ಅರೋನ್ ಬೆಕ್ ಮೂಲತಃ ಫ್ರಾಯ್ಡ್ ದಾರಿಯಲ್ಲಿ, ಅಂದರೆ ಮನೋವಿಶ್ಲೇಷಣೆಯಲ್ಲಿ, ತರಬೇತಾದವರು. ಖಿನ್ನತೆಯ ಬಗ್ಗೆ ಆ ಸಿದ್ಧಾಂತ ಸರಿ ಎಂದು ತೋರಿಸಲು ಹೋಗಿ, ಅದು ಹೊಂದದೆ, ತಲೆಯಲ್ಲಿ ತಾನಾಗಿ ಹಾದುಹೋಗುವ ಯೋಚನೆಗಳ ಹಿಂದೆ ಬಿದ್ದವರು. ಯೋಚನೆ, ಅದನ್ನು ನಂಬಲು ಕಾರಣ, ನಂಬದಿರಲು ಕಾರಣ, ಹೀಗೆ ಕಾಲಂ ತುಂಬುವ ಹಾಳೆ ಕೊಟ್ಟರು. ಫಾರಂ ಅಂದರೆ ನನಗೆ ಪ್ರಾಣ, ಅಲ್ವಾ? ಚೆನ್ನಾಗಿ ತುಂಬಿದೆ. ಚೆನ್ನಾಗಿ ತುಂಬುವುದೇ ನನ್ನ ತಪ್ಪಿಸಿಕೊಳ್ಳುವ ಉಪಾಯ ಎಂದು ಆಮೇಲೆ ಗೊತ್ತಾಯಿತು.

ಉಳಿದದ್ದು ಓಟ. ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ, ಆರ್ಟ್ ಥೆರಪಿ, ಆಘಾತದ ನೆನಪುಗಳಿಗೆ ಬಳಸುವ ಇಎಂಡಿಆರ್ ಎಲ್ಲವೂ ಒಂದೇ ಸಂಜೆಯಲ್ಲಿ. ಡಿಬಿಟಿ ಕಟ್ಟಿದ ಮಾರ್ಷಾ ಲಿನೆಹನ್ ತಾವೇ ಹದಿಹರೆಯದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿದರು. ಈ ವೃತ್ತಿಗೆ ಬರಲು ಹೊರಟವರಿಗೆ ಅದಕ್ಕಿಂತ ಬೇಕಾದ ಸಂಗತಿ ಯಾವುದು? ಸ್ಲೈಡಿನಲ್ಲಿ ಹೆಸರು ಮಾತ್ರ ಇತ್ತು. ಇಎಂಡಿಆರ್ ಬಗ್ಗೆ ಎರಡೇ ಸ್ಲೈಡ್. ಕಹಿ ನೆನಪು ಇಟ್ಟುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವುದು ಅಂತ ಓದಿದ್ದೇ ತಡ, ಸಣ್ಣ ಗುಂಪಿನ ಬ್ರೇಕ್‌ಔಟ್ ರೂಮಿನಲ್ಲಿ ಒಬ್ಬರು 'ಟ್ರೈ ಮಾಡೋಣ್ವಾ?' ಎಂದು ಬೆರಳು ಎತ್ತಿದರು. ಪುಣ್ಯಕ್ಕೆ ಕಲಿಸುವವರು ಅಷ್ಟೊತ್ತಿಗೆ ಒಳಗೆ ಬಂದು ತಡೆದರು. ಆಘಾತದ ನೆನಪನ್ನು ತೆರೆಯುವುದು ಸುಲಭ, ಮುಚ್ಚಲು ತರಬೇತಿ ಬೇಕು ಎಂದರು. ಹಾಗಿದ್ದರೆ ಎರಡು ಸ್ಲೈಡಿನಲ್ಲಿ ಅದನ್ನು ಹೇಳುವುದೇ ತಪ್ಪಲ್ಲವೇ?

ನನ್ನ ದೊಡ್ಡ ತಕರಾರು ಜೀನೋಗ್ರಾಮ್ ಸಂಜೆಯದು. ಫ್ಯಾಮಿಲಿ ಥೆರಪಿಯಲ್ಲಿ ಬಳಸುವ ಮೂರು ತಲೆಮಾರಿನ ನಕ್ಷೆ ಅದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಜಗಳ ಇದ್ದಲ್ಲಿ ಅಂಕುಡೊಂಕು ಗೆರೆ, ಮಾತು ಬಿಟ್ಟಲ್ಲಿ ತುಂಡಾದ ಗೆರೆ. ನಾನು ಪೆನ್ಸಿಲ್ ಹಿಡಿದು ನನ್ನದನ್ನು ಬಿಡಿಸಿದೆ. ಪ್ರತಿ ತಲೆಮಾರಿನಲ್ಲೂ ಅಪ್ಪನಿಗೂ ದೊಡ್ಡ ಮಗುವಿಗೂ ನಡುವಿನ ಗೆರೆಯೇ ತುಂಡಾಗಿತ್ತು. ದೊಡ್ಡ ಮಗು ನಾನೇ. ಒಂಬತ್ತು ಗಂಟೆಗೆ 'ಧನ್ಯವಾದ, ಶುಭರಾತ್ರಿ' ಎಂದು ಸ್ಕ್ರೀನ್ ಕಪ್ಪಾಯಿತು. ಹಾಳೆ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಹೇಗಿದ್ದೀರಿ ಎಂದು ಒಂದು ಮೆಸೇಜೂ ಬರಲಿಲ್ಲ. ಮನಸ್ಸನ್ನು ಕೆದಕುವ ಅಭ್ಯಾಸ ಕೊಡುವವರು ಆಮೇಲೆ ಹತ್ತು ನಿಮಿಷ ಜೊತೆಗಿರಬೇಕು.

ಕೊನೆಗೆ ನಾನೇ ಒಬ್ಬ ಥೆರಪಿಸ್ಟ್ ಹುಡುಕಿಕೊಂಡೆ. 50 ನಿಮಿಷದ ಸೆಷನ್. ಮೂರನೆಯದರಲ್ಲಿ ಅವರು ಮೆಲ್ಲಗೆ ಹೇಳಿದರು: 'ಪ್ರತಿ ಸಲ ನಲವತ್ತನೇ ನಿಮಿಷಕ್ಕೆ ನೀವೇ ಮಾತು ಮುಗಿಸಿಬಿಡುತ್ತೀರಿ, ಗಮನಿಸಿದ್ದೀರಾ?' ನಮ್ಮಲ್ಲಿ ಒಂದು ಕರೆ ಬೇಗ ಮುಗಿದಷ್ಟೂ ಒಳ್ಳೆಯದು. ಆ ಲೆಕ್ಕವನ್ನು ನನ್ನ ದುಃಖಕ್ಕೂ ಹಾಕಿಕೊಂಡಿದ್ದೆ.

ಇನ್ನು ವೃತ್ತಿಯ ವಿಷಯ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿದ್ದದ್ದು ಇದೇ. ಸಿಕ್ಕಿದ್ದು 40 ನಿಮಿಷದ ರೆಕಾರ್ಡೆಡ್ ವಿಡಿಯೋ, ಪ್ರಶ್ನೆ ಕೇಳುವಂತಿಲ್ಲ. ಈ ಸರ್ಟಿಫಿಕೇಟ್ ಒಂದನ್ನೇ ಹಿಡಿದು ಕ್ಲೈಂಟ್ ಮುಂದೆ ಕೂರುವುದು ಸರಿಯಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅದನ್ನೆಲ್ಲ ಹೇಳಿದ್ದು ನನ್ನ ಥೆರಪಿಸ್ಟೇ. ಸಾಮಾನ್ಯವಾಗಿ ಸರಿಯಾದ ಪದವಿ ಬೇಕು, ಆಮೇಲೆ ಅನುಭವಿಗಳ ಕಣ್ಗಾವಲಿನಲ್ಲಿ ನೂರಾರು ಗಂಟೆ ಅಭ್ಯಾಸ ಬೇಕು. ನಿಯಮ ಒಂದೊಂದು ದೇಶದಲ್ಲಿ ಒಂದೊಂದು ತರ. ಎಷ್ಟೋ ತರಬೇತಿಗಳು ನೀವೇ ಥೆರಪಿಗೆ ಹೋಗಿಬರಬೇಕು ಅನ್ನುತ್ತವೆ. ಔಷಧಿ ಬರೆಯುವ ಸೈಕಿಯಾಟ್ರಿಸ್ಟ್ ಆಗಬೇಕಿದ್ದರೆ ಡಾಕ್ಟರಿಕೆಯನ್ನೇ ಓದಬೇಕು. ದಿನಕ್ಕೆ ಐದಾರು ಸೆಷನ್ ದಾಟಿದರೆ ಆರನೆಯವರ ಹೆಸರೂ ನೆನಪಿರುವುದಿಲ್ಲ ಎಂದು ಅವರು ನಕ್ಕರು. ನೋಟ್ಸ್ ಬರೆಯುವ ಹೊತ್ತು, ಕೊನೇ ಗಳಿಗೆಯಲ್ಲಿ ರದ್ದಾದ ಅಪಾಯಿಂಟ್‌ಮೆಂಟು, ಇದಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ.

ಸೇರಬಹುದಾ? ಸರ್ಟಿಫಿಕೇಟಿಗಾಗಿ ಬೇಡವೇ ಬೇಡ. ಈ ಕೆಲಸ ನಿಮ್ಮ ಮೈಗೆ ಒಗ್ಗುತ್ತದಾ ಎಂದು ನೋಡಬೇಕಿದ್ದರೆ ಸೇರಿ. ಆದರೆ ಮೂವರ ಅಭ್ಯಾಸ ಎಷ್ಟು ಗಂಟೆ ಇದೆ, ಅದನ್ನು ಯಾರಾದರೂ ಕೂತು ನೋಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಮೂರೂ ಆ ಅಭ್ಯಾಸಕ್ಕೇ.

ನಾನಿನ್ನೂ ಅರ್ಜಿ ಹಾಕಿಲ್ಲ. ಎರಡು ಪದವಿ ಕೋರ್ಸುಗಳ ಫಾರಂ ತೆರೆದಿಟ್ಟಿದ್ದೇನೆ. ಹೋದ ವಾರ ಒಬ್ಬರು ಬಿಲ್ ವಿಷಯಕ್ಕೆ ಕೂಗಾಡಿ, ನನ್ನ ಹತ್ತಿರ ಬಂದು, ಥಟ್ಟನೆ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಹನ್ನೊಂದು ಸೆಕೆಂಡ್ ಆದ ಮೇಲೆ ಅವರು, ಆ ಕನೆಕ್ಷನ್ ಇದ್ದದ್ದು ತೀರಿಕೊಂಡ ಹೆಂಡತಿಯ ಹೆಸರಲ್ಲಿ ಎಂದರು. ಆ ಕರೆಗೆ ಕ್ವಾಲಿಟಿ ತಂಡ ನನ್ನ ಅಂಕ ಕತ್ತರಿಸಿದೆ. ಕಾರಣದ ಕಾಲಂನಲ್ಲಿ ಬರೆದಿದ್ದಾರೆ: ಡೆಡ್ ಏರ್.