ವಾರ್ನಿಶ್, ಡಾಕರ್ ಜೊತೆ ಮೂರು ವರ್ಷ: ವೇಗ ಎಲ್ಲಿಂದ ಬಂತು?

ನಾನು ನೋಡಿಕೊಳ್ಳುವುದು ಲೇಖನಗಳ ಸೈಟ್. ಓದುವವರು ಜಾಸ್ತಿ, ಬರೆಯುವವರು ಕಡಿಮೆ. ಮೂರು ವರ್ಷದ ಹಿಂದೆ ಅದನ್ನು ಡಾಕರ್ ಕಂಟೇನರ್‌ಗಳಿಗೆ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೆ ಕಟ್ಟಿಡುವ ಡಬ್ಬಿಗಳು) ಹಾಕಿ, ಅದರ ಮುಂದೆ ವಾರ್ನಿಶ್ ಕ್ಯಾಶ್ (ತಯಾರಾದ ಪುಟಗಳನ್ನು ನೆನಪಿಟ್ಟುಕೊಂಡು ಕೊಡುವ ಪ್ರೋಗ್ರಾಂ) ಇಟ್ಟೆ. ಮೊದಲೇ ಹೇಳಿಬಿಡುತ್ತೇನೆ, ಕಂಟೇನರ್‌ಗೆ ಹಾಕಿದ ಮಾತ್ರಕ್ಕೆ ಸೈಟ್ ಚುರುಕಾಗುವುದಿಲ್ಲ. ಕೋಡ್ ಅದೇ, ಡೇಟಾಬೇಸ್ ಅದೇ, ನಿಧಾನವೂ ಅದೇ. ವೇಗ ಕೊಟ್ಟಿದ್ದು ಕ್ಯಾಶ್.

2006ರಲ್ಲಿ ವಾರ್ನಿಶ್ ಹೊರಬಂದಿದ್ದೇ ನಾರ್ವೆಯ ಒಂದು ಪತ್ರಿಕೆಯ ಸೈಟ್‌ಗಾಗಿ. ಒಂದೇ ಪುಟವನ್ನು ಸಾವಿರ ಜನ ಕೇಳುವ ಕಡೆ ಅದು ಹೇಳಿ ಮಾಡಿಸಿದ ಹಾಗಿದೆ. ಪುಟ ಒಮ್ಮೆ ತಯಾರಾದರೆ ಸಾಕು, ಆಮೇಲೆ ಬಂದವರಿಗೆಲ್ಲ ಮೆಮೊರಿಯಿಂದಲೇ ಹೋಗುತ್ತದೆ. ಡೇಟಾಬೇಸ್‌ಗೆ ಸುದ್ದಿಯೇ ತಲುಪುವುದಿಲ್ಲ.

ಆದರೆ ಮೊದಲ ವಾರ ಓದುಗರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಕರ್ಲ್‌ನಿಂದ (ಬ್ರೌಸರ್ ಇಲ್ಲದೆ ಪುಟ ತರಿಸುವ ಕಮಾಂಡ್) ಕೇಳಿದರೆ, ಪುಟ ಕ್ಯಾಶ್‌ನಲ್ಲಿ ಎಷ್ಟು ಸೆಕೆಂಡ್ ಇತ್ತು ಎಂದು ಹೇಳುವ 'ಏಜ್' ಹೆಡರ್ 12, 19, 31 ಎಂದು ಏರುತ್ತಿತ್ತು, ಅಂದರೆ ಕ್ಯಾಶ್ ಕೆಲಸ ಮಾಡುತ್ತಿದೆ. ಅದೇ ಪುಟ ಬ್ರೌಸರ್‌ನಲ್ಲಿ ತೆರೆದರೆ ಪ್ರತಿ ಸಲವೂ 0. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು, ಕಾರಣ ಕುಕೀ, ಅಂದರೆ ಸೈಟ್ ಬ್ರೌಸರ್‌ನಲ್ಲಿ ಇಡುವ ಸಣ್ಣ ಗುರುತು. ಕೋರಿಕೆಯಲ್ಲಿ ಯಾವುದೇ ಕುಕೀ ಇದ್ದರೂ ವಾರ್ನಿಶ್ ತಾನಾಗಿ ಕ್ಯಾಶ್ ಬಿಟ್ಟು ನೇರ ತನ್ನ ಹಿಂದಿರುವ, ಪುಟ ತಯಾರಿಸುವ ಸರ್ವರ್‌ಗೆ ಕಳಿಸುತ್ತದೆ. ಭೇಟಿ ಲೆಕ್ಕ ಇಡುವ ಸ್ಕ್ರಿಪ್ಟ್ ಎಲ್ಲರ ಬ್ರೌಸರ್‌ನಲ್ಲೂ ಕುಕೀ ಇಟ್ಟಿತ್ತು! ಕರ್ಲ್‌ಗೆ ಕುಕೀ ಇಲ್ಲವಲ್ಲ, ಹಾಗಾಗಿ ಅಲ್ಲಿ ಎಲ್ಲ ಸರಿಯಾಗಿ ಕಂಡಿತ್ತು. ಲಾಗಿನ್ ಕುಕೀ ಒಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ವಿಸಿಎಲ್‌ನಲ್ಲಿ (ವಾರ್ನಿಶ್‌ಗೆ ನಿಯಮ ಬರೆಯುವ ಭಾಷೆ) ತೆಗೆದುಹಾಕಿದೆ. ಅವತ್ತೇ ಸರ್ವರ್ ತಣ್ಣಗಾಯಿತು.

ನನಗೆ ತುಂಬಾ ಇಷ್ಟವಾದದ್ದು 'ಗ್ರೇಸ್'. ಅವಧಿ ಮುಗಿದ ಪುಟವನ್ನೂ ಇನ್ನಷ್ಟು ಹೊತ್ತು ಇಟ್ಟುಕೊಂಡು, ಹಿಂದಿನ ಸರ್ವರ್ ಬಿದ್ದಾಗ ಅದನ್ನೇ ಕೊಡುವ ಸೌಲಭ್ಯ. ತಾನಾಗಿ ಇರುವುದು ಬರೀ 10 ಸೆಕೆಂಡ್. ನಾನು 6 ಗಂಟೆ ಇಟ್ಟಿದ್ದೇನೆ. ಒಂದು ರಾತ್ರಿ ಮೆಮೊರಿ ಸಾಲದೆ ಡೇಟಾಬೇಸ್ ಕಂಟೇನರ್ ಸತ್ತುಬಿತ್ತು, ಎಕ್ಸಿಟ್ ಕೋಡ್ 137 (ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸಿದಾಗ ಬರುವ ಸಂಖ್ಯೆ). ಹುಡುಕಾಟ, ಲಾಗಿನ್ ನಿಂತವು. ಜನ ಆಗಾಗ ಓದುವ ಲೇಖನಗಳು ಮಾತ್ರ ಬೆಳಗಿನವರೆಗೂ ತೆರೆಯುತ್ತಲೇ ಇದ್ದವು. ಒಂದು ವಿಷಯ ನೆನಪಿಡಿ: ಸರ್ವರ್ ಸರಿಯಾಗಿದೆಯೇ ಎಂದು ವಾರ್ನಿಶ್ ಆಗಾಗ ಕೇಳಿ ನೋಡುವ ಪ್ರೋಬ್ ಪುಟ ಡೇಟಾಬೇಸ್ ಮುಟ್ಟುವಂಥದ್ದೇ ಆಗಿರಬೇಕು. ಸುಮ್ನೆ 'ಓಕೆ' ಅನ್ನುವ ಪುಟ ಇಟ್ಟರೆ, ಡೇಟಾಬೇಸ್ ಬಿದ್ದಿದ್ದು ಅದಕ್ಕೆ ತಿಳಿಯುವುದೇ ಇಲ್ಲ.

ಡಾಕರ್‌ನಿಂದ ಸಿಕ್ಕಿದ್ದು ನೆಮ್ಮದಿ. ಹೊಸ ಆವೃತ್ತಿ ಕೈಕೊಟ್ಟರೆ ಹಳೆಯ ಇಮೇಜ್‌ಗೆ (ಕಂಟೇನರ್ ತಯಾರಾಗುವ ಅಚ್ಚು) ನಿಮಿಷದಲ್ಲಿ ವಾಪಸ್ ಹೋಗಬಹುದು. ಅಪ್ಲಿಕೇಶನ್ ಬೇರೆ ಕಂಟೇನರ್, ವಾರ್ನಿಶ್ ಬೇರೆ ಕಂಟೇನರ್ ಆದ್ದರಿಂದ ಅಪ್ಲಿಕೇಶನ್ ಬದಲಿಸುವಾಗ ಕ್ಯಾಶ್ ಖಾಲಿಯಾಗುವುದಿಲ್ಲ. ಆದರೆ ಹೆಲ್ತ್‌ಚೆಕ್ (ಕಂಟೇನರ್ ಸರಿಯಾಗಿದೆಯೇ ಎಂದು ಆಗಾಗ ನೋಡುವ ಪರೀಕ್ಷೆ) ಹಾಕಿದರೆ ಕೆಟ್ಟ ಕಂಟೇನರ್ ತಾನೇ ಮರುಶುರುವಾಗುತ್ತದೆ ಅಂದುಕೊಂಡಿದ್ದೆ. ಒಂಟಿ ಡಾಕರ್‌ನಲ್ಲಿ ಹಾಗಾಗುವುದಿಲ್ಲ. 'ಅನ್‌ಹೆಲ್ದಿ' ಎಂದು ಹಣೆಪಟ್ಟಿ ಬೀಳುತ್ತದೆ, ಅಷ್ಟೇ. ರೀಸ್ಟಾರ್ಟ್ ಪಾಲಿಸಿ (ಕಂಟೇನರ್ ಅನ್ನು ಮರುಶುರು ಮಾಡುವ ನಿಯಮ) ಕೆಲಸಕ್ಕೆ ಬರುವುದು ಒಳಗಿನ ಪ್ರೋಗ್ರಾಂ ಪೂರ್ತಿ ನಿಂತಾಗ. ಕೆಟ್ಟ ಕಂಟೇನರ್ ತಾನೇ ಬದಲಾಗಬೇಕಂದರೆ ಸ್ವಾರ್ಮ್ ಅಥವಾ ಕುಬರ್ನೆಟಿಸ್‌ನಂಥ, ಕಂಟೇನರ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು.

ಇನ್ನೊಂದು ತೊಂದರೆ ಲಾಗ್, ಅಂದರೆ ಕಂಟೇನರ್ ಒಳಗೆ ನಡೆದದ್ದರ ದಾಖಲೆ. ಮಿತಿ ಹಾಕದಿದ್ದರೆ ಡಾಕರ್ ಬರೆಯುವ ಜೇಸನ್ ಲಾಗ್ ಫೈಲ್ ಬೆಳೆಯುತ್ತಲೇ ಇರುತ್ತದೆ. ನಾನು ಹಾಕಿರಲಿಲ್ಲ. ಏಳನೇ ತಿಂಗಳು ಡಿಸ್ಕ್ ತುಂಬಿತು. ಈಗ ಒಂದು ಫೈಲ್‌ಗೆ 10 ಎಂಬಿ, ಒಟ್ಟು ಮೂರು ಫೈಲ್. ಈ ಸೆಟ್ಟಿಂಗ್ ಹಳೆಯ ಕಂಟೇನರ್‌ಗಳಿಗೆ ಹತ್ತುವುದಿಲ್ಲ, ಅವನ್ನು ತೆಗೆದು ಹೊಸದಾಗಿ ಮಾಡಬೇಕು.

ಪ್ರತಿಯೊಬ್ಬರಿಗೂ ಬೇರೆ ಬೇರೆ ಪುಟ ತೋರಿಸುವ ಸೈಟ್ ನಿಮ್ಮದಾದರೆ ವಾರ್ನಿಶ್‌ನಿಂದ ಇಷ್ಟು ಲಾಭ ಸಿಗಲಾರದು. ಓದುವ ಸೈಟ್ ಆದರೆ ಧೈರ್ಯವಾಗಿ ಹಾಕಿ. ನನ್ನಲ್ಲಿ ಇನ್ನೂ ಒಂದು ಕೊರತೆ ಇದೆ. ಎಲ್ಲ ಕಂಟೇನರ್‌ಗಳೂ ಇರುವುದು ಒಂದೇ ಯಂತ್ರದಲ್ಲಿ. ಅದು ಹೋದರೆ ಗ್ರೇಸ್ ಕೂಡ ಜೊತೆಗೇ ಹೋಗುತ್ತದೆ, ಅಲ್ವಾ? ಎರಡನೇ ಯಂತ್ರದ ಕೆಲಸ ಈ ತಿಂಗಳು ಶುರು ಮಾಡಿದ್ದೇನೆ.